ರೀಮ್ಯಾಪ್ ಮಾಡಿಸೋ ಮೊದಲು: ಡೀಸೆಲ್ ಕಾರಿನ ಪಿಕಪ್ ಎಲ್ಲಿ ಹೋಯಿತು ಅಂತ ಹುಡುಕುವ ಬಗೆ

"ಗಾಡಿ ಎಳೀತಿಲ್ಲ, ರೀಮ್ಯಾಪ್ ಮಾಡಿಸಿದ್ರೆ ಸರಿ ಹೋಗುತ್ತಾ?" ಅಂತ ಕೇಳುವವರು ಬಹಳ. ರೀಮ್ಯಾಪ್ ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್ (ಇಸಿಯು) ಒಳಗೆ ಎಷ್ಟು ಡೀಸೆಲ್, ಎಷ್ಟು ಟರ್ಬೊ ಒತ್ತಡ ಅಂತ ಬರೆದಿರುವ ಕೋಷ್ಟಕಗಳನ್ನು, ಅಂದರೆ ಮ್ಯಾಪ್ ಅನ್ನು, ಬದಲಾಯಿಸುವುದು. ಆ ಪ್ರಶ್ನೆಗೆ ಉತ್ತರ ಕೊಡುವ ಮೊದಲು ನಾನು ಕೇಳುವುದು ಒಂದೇ: ಮುಂಚೆ ಎಳೆಯುತ್ತಿತ್ತಾ? ಮುಂಚೆ ಎಳೆಯುತ್ತಿದ್ದ ಗಾಡಿ ಈಗ ಎಳೆಯದಿದ್ದರೆ ಅದು ದೋಷ. ಹೊಸದರಿಂದಲೂ ಇಷ್ಟೇ, ನಮಗೆ ಇನ್ನೂ ಸ್ವಲ್ಪ ಬೇಕು ಅನ್ನಿಸಿದರೆ ಅದು ಆಸೆ. ರೀಮ್ಯಾಪ್ ಇರುವುದು ಆಸೆಗೆ. ದೋಷಕ್ಕೆ ರೀಮ್ಯಾಪ್ ಮಾಡಿಸಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಉದಾಹರಣೆಗೆ ನಮ್ಮ ರಸ್ತೆಗಳಲ್ಲಿ ಎಲ್ಲೆಲ್ಲೂ ಕಾಣುವ 1.3 ಲೀಟರ್ ಮಲ್ಟಿಜೆಟ್ ಇಂಜಿನ್ ತೆಗೆದುಕೊಳ್ಳೋಣ. ಫಿಯೆಟ್‌ನ 1248 ಸಿಸಿ ಇಂಜಿನ್ ಅದು. ಸ್ವಿಫ್ಟ್, ಡಿಸೈರ್, ರಿಟ್ಜ್, ಪುಂಟೊ, ಲಿನಿಯಾ, ಟಾಟಾ ವಿಸ್ಟಾ, ಎಲ್ಲದರಲ್ಲೂ ಇದೇ. ಎರಡು ಬಗೆಯಲ್ಲಿ ಬಂತು. 75 ಪಿಎಸ್ ಪವರ್, 190 ಎನ್‌ಎಂ ಟಾರ್ಕ್ ಇರುವುದರಲ್ಲಿ ಸಾದಾ ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ ಒಳಗೆ ಗಾಳಿ ತುರುಕುವ ಚಕ್ರ). 90 ಪಿಎಸ್ ಇರುವುದರಲ್ಲಿ ವಿಜಿಟಿ, ಅಂದರೆ ಒಳಗಿನ ರೆಕ್ಕೆಗಳು ತಿರುಗುವ ಟರ್ಬೊ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಹಾಗಾಗಿ ಈಗ ಓಡುತ್ತಿರುವ ಮಾರುತಿ ಡೀಸೆಲ್‌ಗಳಿಗೆಲ್ಲ ವಯಸ್ಸಾಗಿದೆ. ರಬ್ಬರ್ ಹೋಸ್ ಬಿರಿಯುವ, ಇಂಜೆಕ್ಟರ್ ಸವೆಯುವ, ಕ್ಲಚ್ ತೆಳುವಾಗುವ ವಯಸ್ಸು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 75 ಪಿಎಸ್ ಇಂಜಿನ್ 1800-2000 ಆರ್‌ಪಿಎಂ ಕೆಳಗೆ ಮಲಗುವುದು ಅದರ ಹುಟ್ಟುಗುಣ. ಟರ್ಬೊ ತಿರುಗಿಸುವಷ್ಟು ಹೊಗೆಯ ರಭಸ ಅಲ್ಲಿ ಇರುವುದಿಲ್ಲ. ಚಾರ್ಮಾಡಿ ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಮೂರನೇ ಗೇರ್‌ನಲ್ಲೇ ಹೋಗುತ್ತೇನೆ ಅಂದರೆ ಯಾವ ರೀಮ್ಯಾಪ್ ಕೂಡ ಕಾಪಾಡಲ್ಲ. ಎರಡನೇ ಗೇರ್ ಹಾಕಿ.

ಮೊದಲು ಹೊಗೆ ನೋಡಿ

ಸ್ಕ್ಯಾನರ್ ಆಮೇಲೆ. ಮೊದಲು ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ, ಹಿಂದೆ ಇನ್ನೊಂದು ಗಾಡಿಯಲ್ಲಿ ಬರುವವರಿಗೆ ಹೊಗೆಯ ಬಣ್ಣ ನೋಡಲು ಹೇಳಿ. ರಾತ್ರಿ ಹಿಂದಿನ ಗಾಡಿಯ ಹೆಡ್‌ಲೈಟ್ ಬೆಳಕಿನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ.

ಪಿಕಪ್ ಇಲ್ಲ, ಕಪ್ಪು ಹೊಗೆ ಇದೆ ಅಂದರೆ ಡೀಸೆಲ್ ಹೋಗುತ್ತಿದೆ, ಗಾಳಿ ಸಾಲುತ್ತಿಲ್ಲ. ಪಿಕಪ್ಪೂ ಇಲ್ಲ, ಹೊಗೆಯೂ ಇಲ್ಲ ಅಂದರೆ ಡೀಸೆಲ್ಲೇ ಸಾಕಷ್ಟು ಹೋಗುತ್ತಿಲ್ಲ. ಒಂದೋ ಇಸಿಯು ಕೈ ಬಿಗಿ ಹಿಡಿದಿದೆ, ಇಲ್ಲವೇ ರೈಲ್‌ಗೆ (ಇಂಜೆಕ್ಟರ್‌ಗಳಿಗೆ ಕೊಡುವ ಡೀಸೆಲ್ ಒತ್ತಡದಲ್ಲಿ ನಿಲ್ಲುವ ಪೈಪ್‌ಗೆ) ಬರುವ ದಾರಿಯಲ್ಲಿ ತಡೆ ಇದೆ. ಈ ಒಂದು ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಮುಗಿಯಿತು. ಮೊದಲನೆಯದಕ್ಕೆ ಇಂಟರ್‌ಕೂಲರ್ (ಟರ್ಬೊ ಗಾಳಿಯನ್ನು ತಣಿಸುವ ರೇಡಿಯೇಟರ್) ಹೋಸ್, ಇಜಿಆರ್ ವಾಲ್ವ್ (ಸುಟ್ಟ ಹೊಗೆಯನ್ನು ಸ್ವಲ್ಪ ವಾಪಸ್ ಇಂಜಿನ್‌ಗೆ ಬಿಡುವ ವಾಲ್ವ್), ಏರ್ ಫಿಲ್ಟರ್ ಕಡೆ ನೋಡಬೇಕು. ಎರಡನೆಯದಕ್ಕೆ ಡೀಸೆಲ್ ಫಿಲ್ಟರ್, ರೈಲ್ ಪ್ರೆಶರ್, ಏರ್‌ಫ್ಲೋ ಸೆನ್ಸರ್ ಕಡೆ.

ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಟರ್ಬೊ ಸೀಲ್ ಇರಬಹುದು, ಪಿಸ್ಟನ್ ರಿಂಗ್ ಇರಬಹುದು. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಇಂಜೆಕ್ಟರ್ ಅಥವಾ ಕೂಲೆಂಟ್ ಸಮಸ್ಯೆ. ಎರಡರಲ್ಲೂ ರೀಮ್ಯಾಪ್ ಮಾತು ಅಲ್ಲಿಗೇ ನಿಲ್ಲಿಸಿ.

ಸ್ಕ್ಯಾನರ್‌ನಲ್ಲಿ ಯಾವ ನಂಬರ್ ನೋಡಬೇಕು

ಗಾಡಿಯ ಓಬಿಡಿ (ಸ್ಕ್ಯಾನರ್) ಸಾಕೆಟ್‌ಗೆ ಸಿಕ್ಕಿಸಿ ಮೊಬೈಲ್‌ನಲ್ಲಿ ನೋಡುವ ಬ್ಲೂಟೂತ್ ಅಡಾಪ್ಟರ್ ಸಾಕು. ಅಗ್ಗದ್ದು ನಿಧಾನ. ಹಾಗಾಗಿ ಹತ್ತೆಂಟು ನಂಬರ್ ಒಟ್ಟಿಗೆ ಹಾಕಬೇಡಿ. ಆರ್‌ಪಿಎಂ, ಎಂಎಪಿ, ಎಂಎಎಫ್ (ಏರ್‌ಫ್ಲೋ ಸೆನ್ಸರ್ ಅಳೆಯುವ ಗಾಳಿಯ ತೂಕ), ರೈಲ್ ಪ್ರೆಶರ್, ಈ ನಾಲ್ಕು ಮಾತ್ರ ಲಾಗ್ ಮಾಡಿ.

ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ ಎಂಎಪಿ ನೋಡಿ. ಇದು ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿರುವ ಗಾಳಿಯ ಒತ್ತಡ. ಇಂಜಿನ್ ನಿಂತಿರುವಾಗ ಹೊರಗಿನ ಒತ್ತಡವೇ ಕಾಣಬೇಕು. ಮಂಗಳೂರಿನಲ್ಲಿ 100-101 ಕೆಪಿಎ. ಬೆಂಗಳೂರು ಸಮುದ್ರಮಟ್ಟಕ್ಕಿಂತ 920 ಮೀಟರ್ ಎತ್ತರದಲ್ಲಿದೆ, ಅಲ್ಲಿ 91ರ ಆಸುಪಾಸು. ಮಡಿಕೇರಿಯಲ್ಲಿ 88ರ ಹತ್ತಿರ. ಬೆಂಗಳೂರಲ್ಲಿ ನಿಂತು 91 ನೋಡಿ ಸೆನ್ಸರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಅಲ್ಲೇ 101 ಅಥವಾ 80 ತೋರಿಸಿದರೆ ಮಾತ್ರ ಅನುಮಾನ ಪಡಬೇಕು.

ಇದು ರೀಮ್ಯಾಪ್‌ಗೂ ಸಂಬಂಧಪಟ್ಟ ಮಾತೇ. ಹೊರಗಿನ ಗಾಳಿ ತೆಳುವಾದಷ್ಟೂ ಅದೇ ಒತ್ತಡ ಕೊಡಲು ಟರ್ಬೊ ಹೆಚ್ಚು ವೇಗವಾಗಿ ತಿರುಗಬೇಕು. ಕರಾವಳಿಯಲ್ಲಿ ಆರಾಮಾಗಿ ಓಡುವ ಮ್ಯಾಪ್ ಘಟ್ಟದ ಮೇಲೆ ಟರ್ಬೊವನ್ನು ಅದರ ಮಿತಿಯ ತುದಿಗೆ ತಳ್ಳಬಹುದು. ಒಳ್ಳೆಯ ಮ್ಯಾಪ್‌ನಲ್ಲಿ ಎತ್ತರ ಏರಿದ ಹಾಗೆ ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಇಳಿಸುವ ಕೋಷ್ಟಕವನ್ನು ಕಂಪನಿ ಕೊಟ್ಟ ಹಾಗೇ ಬಿಟ್ಟಿರುತ್ತಾರೆ.

ಈಗ ಖಾಲಿ ಇರುವ ಏರು ರಸ್ತೆ ಹುಡುಕಿ. ಇಂಜಿನ್ ಪೂರ್ತಿ ಬಿಸಿಯಾಗಿರಲಿ. ಫೋನ್ ಹಿಡಿಯಲು ಪಕ್ಕದಲ್ಲಿ ಇನ್ನೊಬ್ಬರು ಕೂತಿರಲಿ. ಮೂರನೇ ಗೇರ್, 1500 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ 3500ರವರೆಗೆ ಬಿಡಿ. ಲಾಗ್ ಮನೆಗೆ ಬಂದು ನೋಡಿ.

ಓದುವಾಗ ಒಂದು ಸುಲಭ ಲೆಕ್ಕ ಇದೆ. 3000 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರ್ ಇಂಜಿನ್ ಸೆಕೆಂಡಿಗೆ ಸರಿಯಾಗಿ 100 ಸಲ ಗಾಳಿ ಎಳೆದುಕೊಳ್ಳುತ್ತದೆ. ಒಂದೊಂದು ಸಿಲಿಂಡರ್ 312 ಸಿಸಿ. ಎಂಎಪಿ 200 ಕೆಪಿಎ ಇದ್ದು, ಇಂಟರ್‌ಕೂಲರ್ ದಾಟಿದ ಗಾಳಿ 60 ಡಿಗ್ರಿ ಇದ್ದರೆ ಒಂದು ಸಲಕ್ಕೆ ಸುಮಾರು 580 ಮಿಲಿಗ್ರಾಂ ಗಾಳಿ ಒಳಗೆ ಹೋಗುತ್ತದೆ. ಅಂದರೆ ಎಂಎಎಫ್ ಸೆಕೆಂಡಿಗೆ 55ರಿಂದ 60 ಗ್ರಾಂ ತೋರಿಸಬೇಕು.

ಎಂಎಪಿ ಕಮ್ಮಿ, ಆದರೆ ಎಂಎಎಫ್ ಇರಬೇಕಾದಷ್ಟೇ ಅಥವಾ ಜಾಸ್ತಿ ಅಂದರೆ ಗಾಳಿ ಸೆನ್ಸರ್ ದಾಟಿ ಒಳಗೆ ಹೋಗಿದೆ, ಇಂಜಿನ್ ತಲುಪಿಲ್ಲ. ದಾರಿಯಲ್ಲಿ ಎಲ್ಲೋ ಸೋರಿದೆ. ಹೋಸ್ ನೋಡಿ. ಎಂಎಪಿ ಸುಮಾರಾಗಿ ಸರಿ ಇದೆ, ಎಂಎಎಫ್ ತೀರಾ ಕಮ್ಮಿ ಅಂದರೆ ಎರಡು ಸಾಧ್ಯತೆ. ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಹಾಕಿಕೊಂಡಿದ್ದರೆ ತಾಜಾ ಗಾಳಿಯ ಜಾಗಕ್ಕೆ ಸುಟ್ಟ ಹೊಗೆ ಬರುತ್ತದೆ, ಕಪ್ಪು ಹೊಗೆ ಜೊತೆಗೇ ಇರುತ್ತದೆ. ಏರ್‌ಫ್ಲೋ ಸೆನ್ಸರ್‌ಗೆ ಧೂಳು ಕೂತು ಸುಳ್ಳು ಹೇಳುತ್ತಿದ್ದರೆ ಗಾಳಿ ಇಲ್ಲ ಅಂದುಕೊಂಡು ಇಸಿಯು ಡೀಸೆಲ್ ಕಡಿಮೆ ಮಾಡುತ್ತದೆ, ಹೊಗೆ ಇರುವುದಿಲ್ಲ. ಆ ಸೆನ್ಸರ್‌ನ ಸಾಕೆಟ್ ತೆಗೆದು ಓಡಿಸಿ ನೋಡಿ. ಗಾಡಿ ಚುರುಕಾದರೆ ಸೆನ್ಸರ್‌ದೇ ತಪ್ಪು. ಚೆಕ್ ಇಂಜಿನ್ ಲೈಟ್ ಹತ್ತುತ್ತದೆ, ಹೆದರಬೇಡಿ, ಸಾಕೆಟ್ ಹಾಕಿ ಕೋಡ್ ಅಳಿಸಿದರೆ ಆಯಿತು.

ಎರಡೂ ಕಮ್ಮಿ ಇದ್ದರೆ ಏರ್ ಫಿಲ್ಟರ್ ಮೊದಲು. ಆಮೇಲೆ ಟರ್ಬೊ. 90 ಪಿಎಸ್ ಗಾಡಿಯಲ್ಲಿ ವಿಜಿಟಿ ರೆಕ್ಕೆಗಳನ್ನು ವ್ಯಾಕ್ಯೂಮ್ ಎಳೆಯುತ್ತದೆ. ಅದರ ಸಣ್ಣ ಪೈಪ್ ಒಂದು ಬಿರಿದರೂ ರೆಕ್ಕೆಗಳು ತೆರೆದೇ ಉಳಿದು ಬೂಸ್ಟ್ ಏರುವುದಿಲ್ಲ. ಟರ್ಬೊ ಹೋಯಿತು ಅಂತ ಬಿಚ್ಚುವ ಮೊದಲು ಆ ಪೈಪ್ ಬೆರಳಲ್ಲಿ ಬಗ್ಗಿಸಿ ನೋಡಿ.

ಹೋಸ್ ಅನ್ನೋ ಕಳ್ಳ

ಕೋಡ್ ಪಿ0299, ಅಂದರೆ ಬೂಸ್ಟ್ ಸಾಲದು ಅಂತ ಬಂದರೆ ನನ್ನ ಮೊದಲ ಅನುಮಾನ ಯಾವಾಗಲೂ ಇಂಟರ್‌ಕೂಲರ್ ಹೋಸ್ ಮೇಲೆ. ಇದರ ತೊಂದರೆ ಏನೆಂದರೆ ಗಾಡಿ ನಿಂತಿರುವಾಗ ಬಿರುಕು ಮುಚ್ಚಿಕೊಂಡಿರುತ್ತದೆ. ಬೂಸ್ಟ್ ಬಂದಾಗ ಮಾತ್ರ ಬಾಯಿ ಬಿಡುತ್ತದೆ.

ಪರಿಚಯದವರೊಬ್ಬರ ಡಿಸೈರ್‌ನಲ್ಲಿ ಇದೇ ಆಗಿತ್ತು. ಏರಿನಲ್ಲಿ ಕಪ್ಪು ಹೊಗೆ, ಜೊತೆಗೆ ಬಾನೆಟ್ ಒಳಗಿಂದ ಬುಸ್ ಅನ್ನೋ ಸದ್ದು. ರೀಮ್ಯಾಪ್‌ಗೆ ಅಡ್ವಾನ್ಸ್ ಕೂಡ ಕೊಟ್ಟಾಗಿತ್ತು. ಮೆಕ್ಯಾನಿಕ್ ಹೋಸ್‌ನ ಅಡಿಗೆ ಕೈ ಹಾಕಿ ತೆಗೆದರೆ ಬೆರಳ ತುದಿಯೆಲ್ಲ ಆಯಿಲ್. "ಅಣ್ಣಾ, ಆಯಿಲ್ ಒದ್ದೆ ಇರೋ ಕಡೆನೇ ಗಾಳಿ ಹೊರಗೆ ಬರೋದು," ಅಂದ. ಕ್ಲಾಂಪ್ ಸಡಿಲಿಸಿ ಹೋಸ್ ಬಿಚ್ಚಿ, ಮಡಿಕೆ ಇರುವ ಜಾಗವನ್ನು ಎರಡೂ ಹೆಬ್ಬೆರಳಲ್ಲಿ ಹಿಗ್ಗಿಸಿದ. ಒಳಗಿನ ದಾರದ ಪದರ ಕಾಣುವಷ್ಟು ಸೀಳಿತ್ತು. ಕೈ ಬಿಟ್ಟ ತಕ್ಷಣ ಏನೂ ಆಗದ ಹಾಗೆ ಮುಚ್ಚಿಕೊಂಡಿತು. ಹೋಸ್ ಬದಲಾಯಿಸಿ ಒಂದು ಸುತ್ತು ಹೋಗಿ ಬಂದ ಮಾಲೀಕರು ರೀಮ್ಯಾಪ್ ಅಡ್ವಾನ್ಸ್ ವಾಪಸ್ ಕೇಳಲು ಫೋನ್ ತೆಗೆದರು.

ಈ ಸೋರಿಕೆ ಇದ್ದಾಗಲೇ ರೀಮ್ಯಾಪ್ ಹಾಕಿದ್ದರೆ? ಹೊಸ ಮ್ಯಾಪ್ ಇನ್ನೂ ಜಾಸ್ತಿ ಬೂಸ್ಟ್ ಕೇಳುತ್ತದೆ. ಸೋರುತ್ತಿರುವುದನ್ನು ತುಂಬಲು ಟರ್ಬೊ ಇನ್ನೂ ವೇಗವಾಗಿ ಸುತ್ತುತ್ತದೆ. ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ, ಹೊಗೆ ವಿಪರೀತ, ಎಕ್ಸಾಸ್ಟ್ ಬಿಸಿ ವಿಪರೀತ. ಆಮೇಲೆ ಟರ್ಬೊ ಹೋದಾಗ "ರೀಮ್ಯಾಪ್‌ನಿಂದ ಟರ್ಬೊ ಹೋಯ್ತು" ಅನ್ನುತ್ತೇವೆ.

ಕಣ್ಣಿಗೆ ಕಾಣದಿದ್ದರೆ ಏರ್ ಫಿಲ್ಟರ್ ಕಡೆಯ ಪೈಪ್ ಬಾಯಿಗೆ ಮುಚ್ಚಳ ಬಿಗಿದು ಕಂಪ್ರೆಸರ್‌ನಿಂದ ನಿಧಾನಕ್ಕೆ ಗಾಳಿ ತುಂಬಿ, ಜಾಯಿಂಟ್‌ಗಳ ಮೇಲೆ ಸೋಪಿನ ನೀರು ಹಾಕಿ. ಗುಳ್ಳೆ ಬಂದ ಕಡೆ ಸೋರಿಕೆ. ಒಂದು ಬಾರ್ ದಾಟಿಸಬೇಡಿ.

ಡೀಸೆಲ್ ಕಡೆ, ಕ್ಲಚ್ ಕಡೆ

ಹೊಗೆ ಇಲ್ಲದೆ ಪಿಕಪ್ ಹೋಗಿದ್ದರೆ ಡೀಸೆಲ್ ಫಿಲ್ಟರ್ ಬದಲಾಯಿಸಿ, ಒಳಗಿನ ನೀರು ಇಳಿಸಿ. ರೈಲ್ ಪ್ರೆಶರ್ ಐಡ್ಲಿಂಗ್‌ನಲ್ಲಿ 250-300 ಬಾರ್ ಇದ್ದು, ಆಕ್ಸಿಲರೇಟರ್ ಒತ್ತಿದಾಗ ಅದರ ನಾಲ್ಕೈದು ಪಟ್ಟು ಏರಬೇಕು. ಏರುವಾಗ ನಡುವೆ ಕುಸಿದರೆ ಪಿ0087 ಕೋಡ್ ಬರುತ್ತದೆ. ಫಿಲ್ಟರ್ ಹೊಸದಾಗಿದ್ದೂ ಹೀಗಾದರೆ ಇಂಜೆಕ್ಟರ್ ರಿಟರ್ನ್ ಟೆಸ್ಟ್ ಮಾಡಿಸಿ. ನಾಲ್ಕೂ ಇಂಜೆಕ್ಟರ್‌ನ ವಾಪಸ್ ಪೈಪ್‌ಗೆ ಒಂದೊಂದು ಬಾಟಲಿ ಕಟ್ಟಿ ಇಂಜಿನ್ ಓಡಿಸುತ್ತಾರೆ. ಮೂರು ಬಾಟಲಿ ಒಂದೇ ಮಟ್ಟದಲ್ಲಿದ್ದು ಒಂದು ಮಾತ್ರ ಬೇಗ ತುಂಬಿದರೆ ಆ ಇಂಜೆಕ್ಟರ್ ಸವೆದಿದೆ. ಸವೆದ ಇಂಜೆಕ್ಟರ್ ಮೇಲೆ ರೀಮ್ಯಾಪ್ ಹಾಕುವುದು ಪಿಸ್ಟನ್‌ಗೆ ತೂತು ಬೀಳಲು ನಾವೇ ದಾರಿ ಮಾಡಿಕೊಟ್ಟಂತೆ.

ಕ್ಲಚ್ ಪರೀಕ್ಷೆ ಸುಲಭ. ಐದನೇ ಗೇರ್‌ನಲ್ಲಿ 1800-2000 ಆರ್‌ಪಿಎಂನಲ್ಲಿ ಏರು ಹತ್ತುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಜಿಗಿದು ಸ್ಪೀಡ್ ಅಲ್ಲೇ ನಿಂತರೆ ಕ್ಲಚ್ ಜಾರುತ್ತಿದೆ. ಈಗಿನ ಟಾರ್ಕ್‌ಗೇ ಜಾರುವ ಕ್ಲಚ್ ಹೊಸ ಟಾರ್ಕ್ ಹೊರುವುದಿಲ್ಲ ಅಲ್ವಾ?

ಇಷ್ಟೆಲ್ಲ ಸರಿಯಾದ ಮೇಲೂ ಬೇಕು ಅನ್ನಿಸಿದರೆ

ಬಹಳಷ್ಟು ಜನರಿಗೆ ಇಲ್ಲಿಗೆ ಬರುವಷ್ಟರಲ್ಲಿ ಸಾಕಾಗಿರುತ್ತದೆ, ಯಾಕೆಂದರೆ ಕಳೆದುಹೋದ ಪಿಕಪ್ ಸಿಕ್ಕಿರುತ್ತದೆ. ಇನ್ನೂ ಬೇಕು ಅನ್ನುವವರು ಮ್ಯಾಪ್ ಮಾಡುವವರ ಜೊತೆ ಪಿಎಸ್ ಬಗ್ಗೆ ಮಾತಾಡಬೇಡಿ. "ಎಷ್ಟು ಗಾಳಿಗೆ ಎಷ್ಟು ಡೀಸೆಲ್ ಹಾಕ್ತೀರಿ?" ಅಂತ ಕೇಳಿ.

ಮೇಲಿನ ಲೆಕ್ಕವನ್ನೇ ತೆಗೆದುಕೊಳ್ಳಿ. 580 ಮಿಲಿಗ್ರಾಂ ಗಾಳಿಗೆ 32 ಮಿಲಿಗ್ರಾಂ ಡೀಸೆಲ್ ಹಾಕಿದರೆ ಗಾಳಿ ಡೀಸೆಲ್‌ನ 18 ಪಟ್ಟು. ಸ್ವಚ್ಛವಾಗಿ ಉರಿಯುತ್ತದೆ. ಅದೇ ಗಾಳಿಗೆ 39 ಹಾಕಿದರೆ 15 ಪಟ್ಟಿಗೆ ಇಳಿಯುತ್ತದೆ. ಡೀಸೆಲ್ ಪೂರ್ತಿ ಉರಿಯಲು ಲೆಕ್ಕದ ಪ್ರಕಾರ ಬೇಕಾದದ್ದು 14.5 ಪಟ್ಟು ಗಾಳಿ. ಆದರೆ ಸಿಲಿಂಡರ್ ಒಳಗೆ ಅಷ್ಟು ಚೆನ್ನಾಗಿ ಬೆರೆಯಲು ಸಮಯ ಸಿಗುವುದಿಲ್ಲ. ಹಾಗಾಗಿ 15ರಲ್ಲಿ ಹಿಂದಿನ ಗಾಡಿಯವರು ಗ್ಲಾಸ್ ಏರಿಸಿಕೊಳ್ಳುವಷ್ಟು ಕಪ್ಪು ಹೊಗೆ. ಕಂಪನಿ ಇಸಿಯುನಲ್ಲಿ ಇದನ್ನು ತಡೆಯಲು ಸ್ಮೋಕ್ ಲಿಮಿಟರ್ ಅನ್ನುವ ಕೋಷ್ಟಕ ಇಟ್ಟಿರುತ್ತದೆ. ಕೆಟ್ಟ ರೀಮ್ಯಾಪ್ ಮಾಡುವವರು ಮೊದಲು ಕೈ ಹಾಕುವುದೇ ಅದಕ್ಕೆ. ಹೊಗೆ ಬಂದರೆ ಪವರ್ ಬಂತು ಅಂತ ಖುಷಿಪಡುವ ಗಿರಾಕಿಗಳೂ ಇದ್ದಾರೆ ಬಿಡಿ.

ದಿನಾ ಓಡಿಸುವ ಗಾಡಿಗೆ ಟಾರ್ಕ್ 15-20 ಪರ್ಸೆಂಟ್ ಏರಿದರೆ ಸಾಕು. 190 ಇದ್ದದ್ದು 220ರ ಆಚೀಚೆ. ಅದೂ 2000 ಆರ್‌ಪಿಎಂ ದಾಟಿದ ಮೇಲೆ ನಿಧಾನಕ್ಕೆ ಬರಲಿ. 1500ರಲ್ಲೇ ಗುದ್ದು ಕೊಡುವ ಮ್ಯಾಪ್ ಓಡಿಸಲು ಮಜಾ. ಆದರೆ ಕನೆಕ್ಟಿಂಗ್ ರಾಡ್, ಬೇರಿಂಗ್, ಕ್ಲಚ್ ಎಲ್ಲಕ್ಕೂ ಪೆಟ್ಟು ಬೀಳುವುದು ಅಲ್ಲೇ.

"75ನ್ನು 110 ಪಿಎಸ್ ಮಾಡಿಕೊಡ್ತೀವಿ" ಅಂದರೆ ಒಂದು ಗುಣಾಕಾರ ಮಾಡಿ. ಎನ್‌ಎಂ ಅನ್ನು ಆರ್‌ಪಿಎಂನಿಂದ ಗುಣಿಸಿ 7023ರಿಂದ ಭಾಗಿಸಿದರೆ ಪಿಎಸ್. ಕಂಪನಿಯ ಇಂಜಿನ್ 4000 ಆರ್‌ಪಿಎಂನಲ್ಲಿ 75 ಪಿಎಸ್ ಕೊಡುವಾಗ ಟಾರ್ಕ್ 132 ಎನ್‌ಎಂ. 110 ಬೇಕೆಂದರೆ ಅಲ್ಲಿ 193 ಬೇಕು. ಅಂದರೆ 4000ದಲ್ಲಿ ಸುಮಾರು ಒಂದೂವರೆ ಪಟ್ಟು ಡೀಸೆಲ್, ಅದಕ್ಕೆ ತಕ್ಕ ಗಾಳಿ. ಆ ಸಣ್ಣ ಟರ್ಬೊ ಅಷ್ಟು ಗಾಳಿ ಎಲ್ಲಿಂದ ತರಬೇಕು?

ಆಟೊಮ್ಯಾಟಿಕ್ ಗಾಡಿಗಳಲ್ಲಿ ಗೇರ್‌ಬಾಕ್ಸ್ ಮಿತಿ ಮೊದಲು ನೋಡಿ. ಫೋಕ್ಸ್‌ವ್ಯಾಗನ್ ವೆಂಟೊ 1.5 ಟಿಡಿಐ ಡಿಎಸ್‌ಜಿಯಲ್ಲಿ ಇಂಜಿನ್ ಟಾರ್ಕ್ 250 ಎನ್‌ಎಂ. ಅದರಲ್ಲಿರುವ ಏಳು ಗೇರ್‌ನ ಡ್ರೈ ಕ್ಲಚ್ ಡಿಕ್ಯೂ200 ಗೇರ್‌ಬಾಕ್ಸ್‌ಗೆ ಕಂಪನಿ ಹೇಳಿದ ಮಿತಿಯೂ 250. ಉಳಿಕೆ ಸೊನ್ನೆ. ಅಂಥ ಗಾಡಿಗೆ ನನ್ನ ಸಲಹೆ ಬೇಡ ಅಂತಲೇ.

ರೈಲ್ ಸೆನ್ಸರ್‌ಗೆ ಸಿಕ್ಕಿಸುವ ಟ್ಯೂನಿಂಗ್ ಬಾಕ್ಸ್ ಕೂಡ ಬೇಡ. ಪ್ರೆಶರ್ ಕಮ್ಮಿ ಇದೆ ಅಂತ ಅದು ಇಸಿಯುಗೆ ಸುಳ್ಳು ಹೇಳುತ್ತದೆ, ಇಸಿಯು ನಂಬಿ ಏರಿಸುತ್ತದೆ. ನಿಜವಾದ ಪ್ರೆಶರ್ ಎಷ್ಟು ಅಂತ ಆಮೇಲೆ ಸ್ಕ್ಯಾನರ್‌ಗೂ ಗೊತ್ತಾಗುವುದಿಲ್ಲ.

ಬಿಎಸ್6 ಗಾಡಿಯಲ್ಲಿ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ. ಮ್ಯಾಪ್ ಹೊಗೆ ಜಾಸ್ತಿ ಮಾಡಿದರೆ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುವುದರಿಂದ ಹೊರಗೆ ಏನೂ ಕಾಣದು. ಆದರೆ ಬೇಗ ತುಂಬುತ್ತದೆ. ಅದನ್ನು ಸುಡಲು ಇಸಿಯು ಪದೇ ಪದೇ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ, ಸ್ವಲ್ಪ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ತಾನಾಗಿಯೇ ಏರುತ್ತಿದ್ದರೆ ಇದೇ ಕಾರಣ ಇರಬಹುದು. ಡಿಪಿಎಫ್ ಕಿತ್ತು ಹಾಕಿ ಅನ್ನುವವರ ಅಂಗಡಿಯಿಂದ ಸುಮ್ನೆ ಎದ್ದು ಬನ್ನಿ.

ರೀಮ್ಯಾಪ್ ಆದ ಮೇಲೆ ತೊಂದರೆ ಕಂಡರೆ

ಅದೇ ರಸ್ತೆ, ಅದೇ ಗೇರ್, ಅದೇ ಲಾಗ್. ಹಳೆಯದರ ಪಕ್ಕ ಇಟ್ಟು ನೋಡಿ.

ಜೋರಾಗಿ ಒತ್ತಿದಾಗ ಗಾಡಿ ಒಮ್ಮೆಗೇ ಸತ್ತಂತಾಗಿ, ಕೀ ಆಫ್ ಮಾಡಿ ಆನ್ ಮಾಡಿದಾಗ ಸರಿಯಾದರೆ ಅದು ಲಿಂಪ್ ಮೋಡ್, ಅಂದರೆ ಇಂಜಿನ್ ಕಾಪಾಡಲು ಇಸಿಯು ತಾನೇ ಪವರ್ ಇಳಿಸಿದೆ. ಕೋಡ್ ಪಿ0234 ಇದ್ದರೆ ಬೂಸ್ಟ್ ಮಿತಿ ಮೀರಿದೆ. ವಿಜಿಟಿ ರೆಕ್ಕೆಗಳು ಮಸಿಯಿಂದ ಬಿಗಿಯಾಗಿರಬಹುದು, ಇಲ್ಲವೇ ಮ್ಯಾಪ್‌ನಲ್ಲಿ ದುರಾಸೆ ಇದೆ. ಇಲ್ಲಿ ಒಂದು ಎಚ್ಚರಿಕೆ: ಮೊಬೈಲ್ ಆಪ್‌ನ ಸಾಮಾನ್ಯ ಎಂಎಪಿ ಓದು 255 ಕೆಪಿಎಗಿಂತ ಮೇಲೆ ತೋರಿಸುವುದೇ ಇಲ್ಲ. ಲಾಗ್‌ನಲ್ಲಿ 255 ಅಂತ ಗೆರೆ ಎಳೆದ ಹಾಗೆ ನಿಂತಿದ್ದರೆ ನಿಜವಾದ ಬೂಸ್ಟ್ ಅದಕ್ಕಿಂತ ಮೇಲಿದೆ ಅಂತಲೇ ಹಿಡಿಯಿರಿ. ಸಣ್ಣ ಇಂಜಿನ್‌ಗೆ ಅದು ಬಹಳ ಜಾಸ್ತಿ. ಮೂಲ ಫೈಲ್ ವಾಪಸ್ ಹಾಕಿಸಿ.

ಪಿ0601 ಬಂದರೆ ಇಸಿಯು ತನ್ನ ಮೆಮೊರಿಯ ಲೆಕ್ಕ ತಾಳೆಯಾಗುತ್ತಿಲ್ಲ ಅನ್ನುತ್ತಿದೆ. ರೀಮ್ಯಾಪ್ ಆದ ಕೂಡಲೇ ಬಂದರೆ ಫೈಲ್ ಬರೆಯುವಾಗ ಚೆಕ್‌ಸಮ್ ಸರಿಪಡಿಸಿಲ್ಲ ಅಂತಲೇ ಮೊದಲು ಅನುಮಾನಿಸಿ. ಗಾಡಿ ಸ್ಟಾರ್ಟೇ ಆಗದಿದ್ದರೆ ಬರೆಯುವ ನಡುವೆ ಬ್ಯಾಟರಿ ವೋಲ್ಟೇಜ್ ಬಿದ್ದಿರಬಹುದು. ಬ್ಯಾಟರಿಗೆ ಸ್ಥಿರವಾದ ಪವರ್ ಸಪ್ಲೈ ಕೊಡದೆ ಲ್ಯಾಪ್‌ಟಾಪ್ ಸಿಕ್ಕಿಸುವವರ ಕೈಗೆ ಗಾಡಿ ಕೊಡಬೇಡಿ.

ಹೊಗೆ ಅಳೆಯಲು ಅಗ್ಗದ ಉಪಾಯ ಒಂದಿದೆ. ರೀಮ್ಯಾಪ್‌ಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅದೇ ಪೆಟ್ರೋಲ್ ಬಂಕ್‌ನಲ್ಲಿ ಪಿಯುಸಿ ಮಾಡಿಸಿ. ಬಿಎಸ್4 ಡೀಸೆಲ್‌ಗಳಿಗೆ ಮಿತಿ 50 ಎಚ್‌ಎಸ್‌ಯು (ಹೊಗೆಯ ದಟ್ಟಣೆಯ ಅಳತೆ). ಪಾಸ್ ಅನ್ನುವುದನ್ನು ಬಿಡಿ, ಎರಡು ಚೀಟಿಯ ಅಂಕಿ ಹೋಲಿಸಿ. ನಿಂತಲ್ಲೇ ಆಕ್ಸಿಲರೇಟರ್ ಒತ್ತಿ ಅಳೆಯುವುದರಿಂದ ಅಂಕಿ ಚೆನ್ನಾಗಿದ್ದ ಮಾತ್ರಕ್ಕೆ ಲೋಡ್‌ನಲ್ಲಿ ಹೊಗೆ ಇಲ್ಲ ಅಂತ ಹೇಳಲಾಗದು. ಆದರೆ ನಿಂತಲ್ಲೇ ಅಂಕಿ ಏರಿದ್ದರೆ ಆ ಮ್ಯಾಪ್ ಇಟ್ಟುಕೊಳ್ಳಬೇಡಿ.

ಕಾನೂನಿನ ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಮೂಲತಃ ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. ಕ್ಲೇಮ್ ಸಮಯದಲ್ಲಿ ಇನ್ಶೂರೆನ್ಸ್‌ನವರೂ ಕೇಳಬಹುದು. ಇದನ್ನು ತಿಳಿದೇ ತೀರ್ಮಾನ ಮಾಡಿ. ವಾರಂಟಿ ಇರುವ ಗಾಡಿಯಾದರೆ ಮುಟ್ಟಲೇಬೇಡಿ.

ನಿಮ್ಮ ಗಾಡಿಯಿಂದಲೇ ಓದಿದ ಮೂಲ ಫೈಲ್ ಒಂದನ್ನು ಪೆನ್‌ಡ್ರೈವ್‌ನಲ್ಲಿ ಕೇಳಿ ಪಡೆಯಿರಿ. ಕೊಡಲ್ಲ ಅಂದರೆ ಬೇರೆಯವರನ್ನು ಹುಡುಕಿ. ಫೈಲ್ ಹೆಸರಿನಲ್ಲಿ ಗಾಡಿ ನಂಬರ್, ತಾರೀಕು, ಇಸಿಯು ಮೇಲಿನ ಸಾಫ್ಟ್‌ವೇರ್ ನಂಬರ್ ಬರೆದಿಡಿ. ಸರ್ವಿಸ್ ಸೆಂಟರ್‌ನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ರೀಮ್ಯಾಪ್ ಅಳಿಸಿಹೋಗುತ್ತದೆ. ಆಗ ಹಳೆಯ ರೀಮ್ಯಾಪ್ ಫೈಲನ್ನೇ ಮತ್ತೆ ಹಾಕಿಸಬೇಡಿ, ಹೊಸ ಸಾಫ್ಟ್‌ವೇರ್‌ಗೆ ಅದು ಹೊಂದದೇ ಹೋಗಬಹುದು. ಹೊಸದಾಗಿ ಓದಿಸಿ, ಅದರ ಮೇಲೇ ಮಾಡಿಸಿ.